ತುಳುಕದ ಲೋಟ

ಸಂಜೆ ಓಟ. ದೊಡ್ಡವರ ಪಂದ್ಯದಲ್ಲಿ ಅಕ್ಕ ಕಾರು ಓಡಿಸುವುದು ಇದೇ ಮೊದಲು, ಮತ್ತೆ ಕರೆಯುತ್ತಾರೆಂಬ ಖಾತ್ರಿಯಿಲ್ಲ. ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸ್ಪ್ಯಾನರ್ ಎತ್ತಿಡುವುದು, ಮತ್ತೆ ತೆಗೆಯುವುದು, ಸುಮ್ಮನೆ ಬಾನೆಟ್ಟಿನೊಳಗೆ ಇಣುಕುವುದು. ಎಂಜಿನ್ ಕಟ್ಟಿದ್ದು ನಾನು.

ಅದಕ್ಕೆ ಹಾಕಿದ್ದು ವಾಲ್ವುಗಳನ್ನು ಎತ್ತಿ ಇಳಿಸುವ ಹೊಸ ಕ್ಯಾಮ್‌ಶಾಫ್ಟ್. ಕೆಳಗಿನ ಕ್ರ್ಯಾಂಕ್ ಜೋರಾಗಿ ತಿರುಗಿ ಎಣ್ಣೆ ಎರಚಿದರೆ ಮಾತ್ರ ಅದರ ಉಬ್ಬುಗಳು ನೆನೆಯುತ್ತವೆ. ಐಡ್ಲಿಂಗ್, ಅಂದರೆ ನಿಂತ ಕಾರಿನ ಎಂಜಿನ್ ವೇಗ, ಇಳಿಸಿದಿರೋ, ಲೋಹಕ್ಕೆ ಲೋಹ ಉಜ್ಜಿ ಕಥೆ ಮುಗಿಯಿತು. ಅದಕ್ಕೇ ಐಡ್ಲಿಂಗ್ ಏರಿಸಿಟ್ಟಿದ್ದೆ. ಕಾರು ನಿಂತಲ್ಲೇ ಗುರುಗುಟ್ಟಿದರೆ ಗ್ಯಾರೇಜಿನ ತಗಡುಗಳು ನಡುಗುತ್ತಿದ್ದವು.

ಅಪ್ಪನಿಗೆ ಅದು ಹಿಡಿಸಿರಲಿಲ್ಲ. ಓಡುವ ಎಂಜಿನ್ ಮೇಲೆ ತುಂಬಿದ ಲೋಟ ಇಡಬೇಕು, ಹನಿ ತುಳುಕಿದರೆ ಆ ಕಾರು ಬಾಗಿಲು ದಾಟುವ ಹಾಗಿಲ್ಲ. ಅದು ಅವನ ಪದ್ಧತಿ.

"ಅಪ್ಪಾ, ಇದನ್ನ ಮಾತ್ರ ಮುಟ್ಟಬೇಡ. ಇದು ಬೇರೆ ಥರದ್ದು" ಎಂದಿದ್ದೆ. ಅವನು ಕೈ ಒರೆಸಿಕೊಳ್ಳುತ್ತಿದ್ದ, ತಲೆಯೂ ಎತ್ತಲಿಲ್ಲ. ಈಚೆಗೆ ಹೀಗೇ. ಕರೆದರೆ ಓಗೊಡುವುದಿಲ್ಲ. ಮೊಂಡುತನ ಎಂದು ಹಲ್ಲು ಕಚ್ಚಿಕೊಂಡು ಪೆಟ್ರೋಲ್ ತರಲು ಹೋದೆ.

ಬಂಕಿನಲ್ಲಿ ಉದ್ದನೆ ಸಾಲು. ತಡವಾಗಿ ಮರಳುವಾಗ ಬೀದಿ ತಿರುವಿನಲ್ಲೇ ಕೇಳಿಸಿತು. ಗ್ಯಾರೇಜಿನಿಂದ ಐಡ್ಲಿಂಗ್ ಇಳಿಸಿದ ಎಂಜಿನ್ನಿನ ಮೆತ್ತಗಿನ ಸದ್ದು, ಅದರೊಳಗೆ ಟಕ್, ಟಕ್, ಟಕ್.

"ಆಫ್ ಮಾಡು!" ಎಂದು ಕಿರುಚುತ್ತಾ ಓಡಿದೆ. ಅಪ್ಪ ತೆರೆದ ಬಾನೆಟ್ಟಿನ ಮುಂದೆ, ಬೀದಿಗೆ ಬೆನ್ನು ಹಾಕಿ ನಿಂತಿದ್ದ. ಎಂಜಿನ್ ಮೇಲೆ ಲೋಟ, ಕಂಠಮಟ್ಟ ನೀರು. ಹನಿ ತುಳುಕಿರಲಿಲ್ಲ. ಬಾಗಿಲಲ್ಲಿ ನಿಂತೇ ಯಾವ ವಾಲ್ವ್ ಸಡಿಲವೆಂದು ಹೇಳುತ್ತಿದ್ದ ಮನುಷ್ಯ, ಈ ಟಕ್ ಟಕ್ ಕೇಳಿಯೂ ಸುಮ್ಮನಿದ್ದಾನಲ್ಲ! ಮೈ ಉರಿದುಹೋಯಿತು. ಕಾರಿನ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿದೆ. ಎಂಜಿನ್ ನಿಂತಿತು. ಬಾನೆಟ್ಟಿನ ಆಚೆಗಿದ್ದ ಅಪ್ಪನಿಗೆ ನಾನು ಕಾಣಲಿಲ್ಲ.

ಬೈಯಲೆಂದು ಬಾಯಿ ತೆರೆಯುವಷ್ಟರಲ್ಲಿ ಹೆಲ್ಮೆಟ್ ಹಿಡಿದು ಅಕ್ಕ ಒಳಗೆ ಬಂದಳು. ಅವಳ ನೆರಳು ಕಂಡು ಅಪ್ಪ ತಿರುಗಿ ನೋಡಿದ, ಮುಖ ಅರಳಿತು.

"ಬಾರೇ ಬಾ, ಕೇಳು ಹೇಗೆ ಓಡ್ತಿದೆ! ನಿನ್ನ ತಂಗಿ, ಆ ಸಿಡುಕಿ, ಇದನ್ನ ಅರಚೋಕೆ ಬಿಟ್ಟಿದ್ಲು. ಈಗ ಬೆಣ್ಣೆ ಥರ ಓಡ್ತಿದೆ."

ನಿಂತ ಎಂಜಿನ್ ಅವನ ಪಾಲಿಗೆ ಇನ್ನೂ ಓಡುತ್ತಿತ್ತು. ಮೊಂಡುತನವಲ್ಲ, ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ನಾಚಿಕೆಯಿಂದ ನನ್ನ ಕಣ್ಣು ತುಂಬಿತು.

ಅಕ್ಕ ಸದ್ದಿಲ್ಲದ ಕಾರನ್ನು ನೋಡಿ, ನನ್ನನ್ನು ನೋಡಿದಳು. ಎಂಜಿನ್ ಕೆಟ್ಟುಹೋಯಿತೆಂದು ತಲೆಯಲ್ಲಾಡಿಸಿದೆ. ಅವಳು ಹೆಲ್ಮೆಟ್ ಬೆಂಚಿನ ಮೇಲಿಟ್ಟಳು. ಅಪ್ಪನ ಪಕ್ಕ ಹೋಗಿ, ಬಗ್ಗಿ, ನಿಂತ ಎಂಜಿನ್ನಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟಳು. ಆಮೇಲೆ ಅವನಿಗೆ ಕಾಣುವ ಹಾಗೆ, ಚೆನ್ನಾಗಿದೆ ಎಂದು ತಲೆದೂಗಿದಳು.