ನಾಲ್ಕು ಸೆಕೆಂಡು

ದೊಡ್ಡವಳು ಚಿಕ್ಕವಳಿಗಿಂತ ಹನ್ನೊಂದೇ ಹನ್ನೊಂದು ದಿನ ದೊಡ್ಡವಳು. ಅಷ್ಟಕ್ಕೇ ಅವಳು ಹುಟ್ಟಿದ್ದೇ ಬಿಟ್ಟುಕೊಡುವುದಕ್ಕೆ ಎಂಬಂತಾಗಿ ಹೋಗಿತ್ತು. ಅಣ್ಣತಮ್ಮಂದಿರ ಮಕ್ಕಳು, ಒಂದೇ ಮನೆ, ಒಂದೇ ತರಗತಿ. ಕಿಟಕಿ ಪಕ್ಕದ ಮಂಚ ಚಿಕ್ಕವಳಿಗೆ, ಏಕೆಂದರೆ ನೀನು ದೊಡ್ಡವಳಲ್ಲವೇ. ಹೊಸ ಛತ್ರಿ ಚಿಕ್ಕವಳಿಗೆ, ಏಕೆಂದರೆ ನೀನು ದೊಡ್ಡವಳಲ್ಲವೇ. ಆ ಹನ್ನೊಂದು ದಿನ ತೊಟ್ಟಿಲಲ್ಲಿ ಒಬ್ಬಳೇ ಮಲಗಿ ಅದೇನು ಲೋಕಜ್ಞಾನ ಸಂಪಾದಿಸಿದ್ದಳೋ, ದೇವರೇ ಬಲ್ಲ. ಇನ್ನು ಓದು, ಕೈಬರಹ, ನಗುಮುಖ ಎಂದು ಯಾವ ಮಾತು ಬಂದರೂ ಅಮ್ಮನ ಬಾಯಲ್ಲಿ ಒಂದೇ ಪಲ್ಲವಿ, ಅವಳನ್ನು ನೋಡಿ ಕಲಿ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡಿದ್ದರೂ ಈ ಮಾತು ಮಾತ್ರ ಅವಳ ಬಾಯಿಂದ ಸರಾಗವಾಗಿ ಹೊರಬೀಳುತ್ತಿತ್ತು.

ಶಾಲೆಯ ಕೊನೆಯ ವರ್ಷ ದೈಹಿಕ ಶಿಕ್ಷಣವನ್ನು ಪರೀಕ್ಷೆಯ ವಿಷಯವಾಗಿ ಮೊದಲು ಆರಿಸಿಕೊಂಡದ್ದು ದೊಡ್ಡವಳು. ಆರನೇ ತರಗತಿಯಿಂದ ಅವಳಿಗಿದ್ದದ್ದು ಒಂದೇ ಆಸೆ, ಕತ್ತಿನಲ್ಲಿ ಸೀಟಿ ಹಾಕಿಕೊಂಡು ಮೈದಾನದ ನಡುವೆ ನಿಲ್ಲುವ ಟೀಚರ್ ಆಗುವುದು. ಅದಕ್ಕೊಂದು ತರಬೇತಿ ಕಾಲೇಜಿತ್ತು. ಶಾಲೆಯಿಂದ ಅಲ್ಲಿಗೆ ವರ್ಷಕ್ಕೆ ಒಂದೇ ಹೆಸರು ಹೋಗುತ್ತಿತ್ತು, ಈ ಪರೀಕ್ಷೆಯಲ್ಲಿ ಮೊದಲು ಬಂದವರ ಹೆಸರು. ಈ ಒಂದು ವಿಷಯದಲ್ಲಾದರೂ ನಾನು ಒಬ್ಬಳೇ ಇರುತ್ತೇನೆ ಅಂದುಕೊಂಡಿದ್ದಳು ಪಾಪ. ಅಕ್ಕ ಇಲ್ಲದ ತರಗತಿಯಲ್ಲಿ ಬೇಜಾರು ಅಂತ ಹೇಳಿಕೊಂಡು ಎರಡನೇ ದಿನವೇ ಚಿಕ್ಕವಳೂ ಬಂದು ಪಕ್ಕದಲ್ಲಿ ಕೂತಳು.

ಪಿ.ಟಿ. ಮೇಷ್ಟ್ರು ಅಭ್ಯಾಸದ ಮೊದಲ ದಿನವೇ ಎಲ್ಲವನ್ನೂ ಬಿಡಿಸಿ ಹೇಳಿದರು. ಪರೀಕ್ಷೆಯಲ್ಲಿ ಮೈದಾನಕ್ಕೆ ಎರಡು ಸುತ್ತು ಓಡಬೇಕು. ಅದಕ್ಕೆ ಎಂಟು ವಾರದ ಅಭ್ಯಾಸ. ತನ್ನ ಓಟವನ್ನು ತಾನೇ ಬರೆದುಕೊಂಡರೆ ಯಾರು ಬೇಕಾದರೂ ಜಿಂಕೆಯಾಗುತ್ತಾರೆ, ಆದ್ದರಿಂದ ಇಬ್ಬಿಬ್ಬರ ಜೋಡಿ. ಒಬ್ಬಳು ಓಡುವಾಗ ಇನ್ನೊಬ್ಬಳು ಸ್ಟಾಪ್‌ವಾಚ್ ಹಿಡಿದು, ಓಡಿದವಳ ಪುಸ್ತಕದಲ್ಲಿ ಸಮಯ ಬರೆದು ಸಹಿ ಹಾಕಬೇಕು. ಒಂದೇ ಮನೆಯವರೆಂದು ಇವರಿಬ್ಬರನ್ನೂ ಜೋಡಿ ಮಾಡಿದರು. ಆಮೇಲೆ ಅಂಕ ಕೊಡುವ ಲೆಕ್ಕವನ್ನು ಓದಿ ಹೇಳಿದರು. ಅದು ಮಾತ್ರ ದೊಡ್ಡವಳ ಕಿವಿಗೆ ಬೀಳಲಿಲ್ಲ. ಅವಳ ಕಣ್ಣು ಚಿಕ್ಕವಳ ಶೂ ಮೇಲಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ ಇಬ್ಬರಿಗೂ ಒಂದೇ ತರಹದ ಶೂ ತಂದಿದ್ದರು. ಒಂದಕ್ಕೆ ನೀಲಿ ಲೇಸು, ಇನ್ನೊಂದಕ್ಕೆ ಬೂದಿ ಬಣ್ಣದ್ದು. ನೀಲಿ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕೇ?

ಮೊದಲ ದಿನದ ಓಟದಲ್ಲಿ ದೊಡ್ಡವಳು ಎರಡು ಸುತ್ತು ಮುಗಿಸುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡು ನೆಲಕ್ಕೆ ಕುಕ್ಕರಿಸಿದಳು. ಮೂರು ನಿಮಿಷ ಐದು ಸೆಕೆಂಡು. ಚಿಕ್ಕವಳು ಇದ್ದದ್ದನ್ನು ಇದ್ದ ಹಾಗೆ ಬರೆದು, ಅಕ್ಕನ ಬೆನ್ನು ಸವರಿ, ತಾನು ಓಡಲು ಹೋದಳು. ಓಡಿದಳು ಎನ್ನುವುದಕ್ಕಿಂತ ಅಂಗಡಿಗೆ ಹೋಗಿ ಬಂದ ಹಾಗೆ ಬಂದಳು. ಮೂರು ನಿಮಿಷ ಎರಡು ಸೆಕೆಂಡು. ಏದುಸಿರೂ ಇಲ್ಲ, ಏನೂ ಇಲ್ಲ. ಕೂದಲು ಬಿಚ್ಚಿ ಕಟ್ಟಿಕೊಳ್ಳುತ್ತಾ ಏನೋ ಹಾಡು ಗುನುಗುತ್ತಿದ್ದಳು.

ಆ ಹಾಡು ಕೇಳಿ ದೊಡ್ಡವಳ ಹೊಟ್ಟೆ ಧಗಧಗ ಉರಿಯಿತು. ಬಯಸಿದವಳು ನಾನು, ಬೆವರು ಸುರಿಸಿದವಳು ನಾನು, ಸುಮ್ಮನೆ ಜೊತೆಗೆ ಬಂದವಳಿಗೆ ಇದೂ ಒಲಿಯಬೇಕೇ? ಪೆನ್ನಿನ ಮುಚ್ಚಳ ತೆಗೆದಳು. ಮೂರು ಸೆಕೆಂಡು ಸೇರಿಸಿದರೆ ಇಬ್ಬರೂ ಸಮ. ನಾಲ್ಕು ಸೇರಿಸಿದರೆ ಅವಳು ಹಿಂದೆ. ಮೂರು ನಿಮಿಷ ಆರು ಸೆಕೆಂಡು ಎಂದು ಬರೆದು ಸಹಿ ಹಾಕಿದಳು. ತಣ್ಣೀರು ಕುಡಿದಷ್ಟು ಹಿತವಾಯಿತು.

ಅಂದಿನಿಂದ ದಿನವೂ ನಾಲ್ಕು ಸೆಕೆಂಡು. ಹಾಗಂತ ಅವಳು ಕೈಕಟ್ಟಿ ಕೂತಿದ್ದಳು ಎಂದುಕೊಳ್ಳಬೇಡಿ. ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಹಗ್ಗ ಹಾರಿದಳು, ಶಾಲೆಯ ಮೂರು ಮಹಡಿಯ ಮೆಟ್ಟಿಲನ್ನು ಹತ್ತಿ ಇಳಿದಳು, ಬೂದಿ ಬಣ್ಣದ ಲೇಸು ಕಿತ್ತುಹೋಗಿ ಅಮ್ಮನ ಹೊಲಿಗೆಯ ಲಾಡಿ ಹಾಕಿ ಕಟ್ಟಿಕೊಂಡಳು. ಚಿಕ್ಕವಳು ಎದ್ದಾಗ ಎದ್ದಳು, ಓಡು ಅಂದಾಗ ಓಡಿದಳು. ಆದರೂ ದೊಡ್ಡವಳು ಎಷ್ಟು ಹತ್ತಿರ ಬಂದರೂ ಅವಳು ಒಂದು ಹೆಜ್ಜೆ ಮುಂದೆಯೇ ಇರುತ್ತಿದ್ದಳು. ಆ ಒಂದು ಹೆಜ್ಜೆಯನ್ನು ಪುಸ್ತಕದಲ್ಲಿ ಅಳಿಸಿಹಾಕುವುದೇ ದೊಡ್ಡವಳ ದಿನದ ಸಮಾಧಾನವಾಗಿತ್ತು.

ಮೂರನೇ ವಾರ ಒಂದು ಸಲ ಸಿಕ್ಕಿಬೀಳುವುದರಲ್ಲಿದ್ದಳು. ಸಮಯ ಬರೆದಿಟ್ಟು, ಸ್ಟಾಪ್‌ವಾಚನ್ನು ಚೀಲದ ಮೇಲೆ ಹಾಗೇ ಬಿಟ್ಟು ನಲ್ಲಿಗೆ ಹೋದವಳು ತಿರುಗಿ ನೋಡಿದರೆ ಚಿಕ್ಕವಳು ಒಂದು ಕೈಯಲ್ಲಿ ವಾಚು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದುಕೊಂಡು ಅದನ್ನೂ ಇದನ್ನೂ ನೋಡುತ್ತಿದ್ದಾಳೆ. ಚಿಕ್ಕವಳು ಎರಡನ್ನೂ ಇದ್ದಲ್ಲೇ ಇಟ್ಟು, ಅಕ್ಕನ ಮುಖ ನೋಡಿ ನಕ್ಕು, ಮನೆಯವರೆಗೂ ಅವಳ ಚೀಲವನ್ನು ತಾನೇ ಹೊತ್ತಳು. ಪೆದ್ದಿ, ಗೊತ್ತಾಗಲಿಲ್ಲ ಎಂದು ದೊಡ್ಡವಳು ನಿಟ್ಟುಸಿರು ಬಿಟ್ಟಳು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಓಟ ಮುಗಿಯುವ ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಚಿಕ್ಕವಳದ್ದು ಎರಡು ನಿಮಿಷ ಐವತ್ತನಾಲ್ಕು ಸೆಕೆಂಡು, ದೊಡ್ಡವಳದ್ದು ಐವತ್ತೈದು. ಒಂದೇ ಒಂದು ಸೆಕೆಂಡು. ದೊಡ್ಡವಳು ಎದೆಗುಂದಲಿಲ್ಲ. ಎಂಟು ವಾರದ ಪುಸ್ತಕದ ತುಂಬ ಮುಂದಿದ್ದವಳು ತಾನೇ ಅಲ್ಲವೇ.

ಫಲಿತಾಂಶದ ಹಾಳೆಯಲ್ಲಿ ಚಿಕ್ಕವಳ ಹೆಸರು ಮೇಲಿತ್ತು, ಮೂರು ಅಂಕ ಹೆಚ್ಚು. ದೊಡ್ಡವಳು ನೇರ ಮೇಷ್ಟ್ರ ಕೋಣೆಗೆ ಹೋದಳು. ಅವರು ಚೆಂಡುಗಳಿಗೆ ಗಾಳಿ ತುಂಬುತ್ತಾ, ಮೊದಲ ದಿನವೇ ಹೇಳಿದ್ದೆನಲ್ಲ ಎಂದು ಮತ್ತೊಮ್ಮೆ ಲೆಕ್ಕ ಹೇಳಿದರು. ಪರೀಕ್ಷೆಯ ಓಟಕ್ಕೆ ಅಂಕ ಬೇರೆ, ಸುಧಾರಣೆಗೆ ಬೇರೆ. ಮೊದಲ ದಿನದ ಸಮಯಕ್ಕಿಂತ ಎಷ್ಟು ಸೆಕೆಂಡು ಇಳಿದಿದೆಯೋ ಅಷ್ಟು ಅಂಕ. ನಿನ್ನದು ಹತ್ತು ಇಳಿದಿದೆ, ತುಂಬ ಒಳ್ಳೆಯದು. ಅವಳದು ಹನ್ನೆರಡು. ಓಟದಲ್ಲಿ ಅವಳಿಗೆ ಒಂದು ಹೆಚ್ಚು, ಒಟ್ಟು ಮೂರು.

"ಪುಸ್ತಕ ಬರೆದೋಳು ನೀನೇ ಅಲ್ವೇನಮ್ಮಾ?" ಎಂದರು ಮೇಷ್ಟ್ರು.

ದಾರಿಯುದ್ದಕ್ಕೂ ಅವಳು ಬೆರಳು ಮಡಿಚಿ ಬಿಚ್ಚಿ ಲೆಕ್ಕ ಹಾಕಿದಳು. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರೆ ಚಿಕ್ಕವಳಿಗೆ ಹನ್ನೆರಡಲ್ಲ, ಎಂಟು. ತನಗೆ ಹತ್ತು. ಓಟದ ಒಂದನ್ನು ಕಳೆದರೂ ತಾನೇ ಒಂದು ಅಂಕ ಮುಂದೆ. ಎಷ್ಟು ಸಲ ಎಣಿಸಿದರೂ ಅಷ್ಟೇ ಬಂತು. ತನ್ನ ಕಾಲೇಜನ್ನು ತಾನೇ ಕೈಯಾರೆ ಬರೆದು, ಸಹಿ ಹಾಕಿ, ಅವಳಿಗೆ ಕೊಟ್ಟಿದ್ದಳು.

ಮನೆಯಲ್ಲಿ ಹೊಲಿಗೆ ಯಂತ್ರ ನಿಂತಿತ್ತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದ ಚಿಕ್ಕಮ್ಮ, ಚಿಕ್ಕವಳ ತಾಯಿ, ಸೂಜಿಯನ್ನು ಹಾಗೇ ಹಿಡಿದು ಕೂತಿದ್ದಳು. ಚಿಕ್ಕವಳು ಓಡಿಬಂದು ದೊಡ್ಡವಳನ್ನು ತಬ್ಬಿಕೊಂಡಳು. ಎಲ್ಲವನ್ನೂ ಅವಳು ಹೇಳಿಬಿಟ್ಟಿದ್ದಳು. ಮೂರನೇ ವಾರವೇ ಅವಳಿಗೆ ಗೊತ್ತಾಗಿತ್ತಂತೆ. ನನಗೆ ಸುಧಾರಣೆಯ ಅಂಕ ಜಾಸ್ತಿ ಬರಲಿ ಅಂತ ಅಕ್ಕ ನನ್ನ ಸಮಯವನ್ನು ಏರಿಸಿ ಬರೆಯುತ್ತಿದ್ದಾಳೆ, ಬಾಯಿಬಿಟ್ಟು ಒಂದು ಮಾತೂ ಹೇಳಿಲ್ಲ ಎಂದು.

"ನಂಗೂ ನಿನಗೆ ಹಾಗೇ ಬರೀಬೇಕು ಅನ್ನಿಸ್ತು ಅಕ್ಕ. ಮೇಷ್ಟ್ರಿಗೆ ಗೊತ್ತಾದ್ರೆ ಅಂತ ಹೆದರಿದೆ. ನಾನು ಸ್ವಾರ್ಥಿ," ಎಂದು ಅತ್ತಳು. "ನಾಳೆ ಹೋಗಿ ಎಲ್ಲಾ ಹೇಳ್ತೀನಿ. ಆ ಸೀಟು ನಿಂದೇ."

ಚಿಕ್ಕಮ್ಮ ಮಗಳ ಕಡೆ ತಿರುಗಿದಳು. "ನೋಡು. ಇನ್ಮೇಲಾದ್ರೂ ಅಕ್ಕನ್ನ ನೋಡಿ ಕಲಿ."

ಹದಿನೇಳು ವರ್ಷದಿಂದ ದೊಡ್ಡವಳು ಕಾದಿದ್ದ ಮಾತು ಅದು. ಅಮ್ಮ ಹೌದೆಂದು ತಲೆಯಾಡಿಸಿದಳು. ಈಗ ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಸೀಟೂ ಅವಳದು, ಹೊಗಳಿಕೆಯೂ ಅವಳದು. ಆದರೆ ಅದನ್ನೂ ಕದ್ದು ತಂದ ಹಾಗಿತ್ತು.

"ನಿನಗೋಸ್ಕರ ಬರೀಲಿಲ್ಲ ಕಣೇ," ಅಂದಳು. "ಹೊಟ್ಟೆಕಿಚ್ಚಿಗೆ ಬರೆದೆ. ನೀನು ಹಿಂದೆ ಬೀಳ್ಲಿ ಅಂತ ಬರೆದೆ. ಅಂಕದ ಲೆಕ್ಕ ನಂಗೆ ಗೊತ್ತೇ ಇರ್ಲಿಲ್ಲ."

ಅಮ್ಮ ನಕ್ಕುಬಿಟ್ಟಳು. ಹೊಗಳಿದರೆ ಎಷ್ಟು ನಾಚಿಕೆ ನೋಡು ಇವಳಿಗೆ ಎಂದು ಚಿಕ್ಕಮ್ಮನಿಗೆ ಹೇಳಿದಳು. ಚಿಕ್ಕಮ್ಮನೂ ನಕ್ಕಳು. ಚಿಕ್ಕವಳು ನಗಲಿಲ್ಲ. ತಬ್ಬಿಕೊಂಡಿದ್ದ ಕೈಯನ್ನು ಮೆಲ್ಲಗೆ ತೆಗೆದಳು.

"ಮೊದಲನೇ ದಿನದಿಂದಾನಾ?"

"ಮೊದಲನೇ ದಿನದಿಂದಾನೇ."

ಚಿಕ್ಕವಳು ಒಳಗೆ ಹೋದಳು. ದೊಡ್ಡವಳು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಚಿಕ್ಕವಳು ಕಿಟಕಿ ಪಕ್ಕದ ಮಂಚದಿಂದ ತನ್ನ ದಿಂಬು, ಹೊದಿಕೆ ಎತ್ತಿ ಗೋಡೆ ಬದಿಯ ಮಂಚಕ್ಕೆ ಹಾಕಿದಳು. ಅಕ್ಕನ ದಿಂಬನ್ನು ತಂದು ಕಿಟಕಿ ಪಕ್ಕಕ್ಕಿಟ್ಟು, ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲಿಟ್ಟಳು. ಶೂ ಬಿಚ್ಚಿ, ನೀಲಿ ಲೇಸನ್ನು ಒಂದೊಂದೇ ತೂತಿನಿಂದ ಎಳೆದು ತೆಗೆದು, ಅದನ್ನೂ ಅಲ್ಲೇ ಇಟ್ಟಳು.

"ಇನ್ನೇನು ಬೇಕು ಅಕ್ಕ, ಹೇಳು," ಅಂದಳು.