ಕರೆಂಟು ಇಳಿಸಿಟ್ಟ ಪೆಟ್ಟಿಗೆ

ಪಕ್ಕದ ಮನೆಯ ಬೀರಜ್ಜ ಪೆಟ್ಟಿಗೆಯ ಅಡಿಗೆ ಗೋಣಿಚೀಲ ತುರುಕಿ ಎಳೆಯಲು ಬಗ್ಗಿದ್ದ. ಅಷ್ಟರಲ್ಲಿ ಅಂಗಳದ ಬಾಯಲ್ಲಿ ರಿಕ್ಷಾ ನಿಂತಿತು. ನೀತಾ ಇಳಿಯುತ್ತಲೇ ಕೂಗಿದಳು.

"ಅಜ್ಜಾ, ಅದ್ರ ಒಳಗೆ ಕೈ ಹಾಕ್ಬೇಡಾ! ತಡಿ!"

ಬೀರಜ್ಜ ಕೈ ಕೊಡವಿಕೊಂಡು ಹಿಂದೆ ಸರಿದ. "ನಾ ಎಲ್ಲಿ ಹಾಕ್ತೆ ಮಗಾ. ಬೆಳಿಗ್ಗೆಯಿಂದ ಇದ್ರ ಹತ್ರ ಬರೂಕೇ ಎಲ್ರಿಗೂ ಹೆದ್ರಿಕೆ. ನಿನ್ನ ಅಪ್ಪನ ಮಲಗ್ಸೂಕೆ ಜಾಗ ಬೇಕಲ್ದಾ?"

ಅಪ್ಪ ಇನ್ನೂ ಬೇಲಿಯಾಚೆ ಟೆಂಪೋದಲ್ಲಿದ್ದ. ಅಂಕೋಲೆಯ ಆಸ್ಪತ್ರೆಯಿಂದ ಅವನನ್ನು ಆಗಷ್ಟೇ ಬೆಳಂಬಾರಕ್ಕೆ ತಂದಿದ್ದರು. ಜಗುಲಿಯ ನಟ್ಟನಡುವೆ ಅವನ ಆಂಪ್ಲಿಫೈಯರ್ ಹೊಟ್ಟೆ ಬಿಚ್ಚಿಕೊಂಡು ಕುಳಿತಿತ್ತು. ಕಾರವಾರದಲ್ಲಿರುವ ಗಂಡನ ಮನೆಯಿಂದ ಓಡಿಬಂದ ಮಗಳು ಟೆಂಪೋದ ಕಡೆ ಹೋಗದೆ ಮೊದಲು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತದ್ದನ್ನು ಕಂಡು ಹೆಂಗಸರು ಮುಖಮುಖ ನೋಡಿಕೊಂಡರು.

ಅಪ್ಪ ಗಾಜಿನ ವಾಲ್ವುಗಳನ್ನೆಲ್ಲ ಕಿತ್ತು ಹಳೆಯ ಟವೆಲಿನ ಮೇಲೆ ಸಾಲಾಗಿ ಮಲಗಿಸಿದ್ದ. ಒಳಗೆ ಒಂದು ಹಸಿರು ವೈರು. ಅದರ ಒಂದು ತುದಿಯ ಕ್ಲಿಪ್ಪು ತಗಡಿನ ಮೈಗೆ, ಇನ್ನೊಂದು ತುದಿಯದು ದಪ್ಪ ಕಂಡೆನ್ಸರಿನ ಕಾಲಿಗೆ ಕಚ್ಚಿಕೊಂಡಿದ್ದವು. ವೈರಿನ ನಡುವೆ ಸೀಮೆಸುಣ್ಣದ ತುಂಡಿನಂಥ ಬಿಳಿ ರೆಸಿಸ್ಟರು.

"ಎತ್ತಬಹುದು," ಎಂದಳು. "ಅಪ್ಪ ಕರೆಂಟು ಇಳಿಸೇ ಇಟ್ಟಿದ್ದಾ."

ಬೀರಜ್ಜ ಮತ್ತು ಪುಂಡಲೀಕ ಅದನ್ನು ಏದುಸಿರು ಬಿಡುತ್ತ ಒಳಕೋಣೆಗೆ ಹೊತ್ತರು. ಪುಂಡಲೀಕ ನೀತಾಳ ಅಪ್ಪ ನಾಗುವಿನ ಜೊತೆಗಾರ. ನವತರಂಗ ಮೆಲೊಡೀಸ್ ಎಂಬ ಆರ್ಕೆಸ್ಟ್ರಾದಲ್ಲಿ ಅವನು ಹಾಡುವವನು, ನಾಗು ಅವನ ಹಿಂದೆ ನಿಂತು ಬಾಸ್ ಗಿಟಾರು ನುಡಿಸುವವನು. ಶನಿವಾರ ಅರ್ಗಾದಲ್ಲಿ ಒಂದು ಮದುವೆಯ ಕಾರ್ಯಕ್ರಮವಿತ್ತು. ಪೆಟ್ಟಿಗೆ ಗುಂಯ್ಯೆನ್ನುತ್ತಿದೆ, ಅಷ್ಟರೊಳಗೆ ಸರಿಮಾಡುತ್ತೇನೆ ಎಂದು ನಾಗು ಬೆಳಿಗ್ಗೆ ಬಿಚ್ಚಿ ಕೂತಿದ್ದ. ಕೂತಲ್ಲಿಯೇ ಪಕ್ಕಕ್ಕೆ ಬಿದ್ದಿದ್ದ.

ಹೆಣ ಜಗುಲಿಗೆ ಬಂತು. ಹೆಂಗಸರ ಅಳು ಎದ್ದಿತು. ನೀತಾ ಅಪ್ಪನ ಕಾಲ ಬಳಿ ಕೂತು ಬೆರಳುಗಳನ್ನು ಮುಟ್ಟಿದಳು. ಸುತ್ತ ನೋಡಿದರೆ ಅವ್ವಿ ಇರಲಿಲ್ಲ.

ಅವಳ ತಾಯಿ ದುರ್ಗಿ ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಅಡುಗೆಮನೆಗೆ ಓಡಾಡುತ್ತಿದ್ದಳು. ಯಾರೋ ಕೈ ಹಿಡಿದು ಗಂಡನ ತಲೆಯ ಹತ್ತಿರ ಕೂರಿಸಿದರು. ಎರಡು ನಿಮಿಷವೂ ಕೂರದೆ ಎದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ಅಳೂಕೆ ಹೇಳಿ ಅವ್ಳಿಗೆ," ಎಂದಳು ಒಬ್ಬ ಮುದುಕಿ. "ಹಿಂಗೇ ಇದ್ರೆ ತಲೆ ಕೆಡ್ತದೆ."

*

ತನ್ನ ಮದುವೆಗೆ ಮುಂಚೆ ನಾಗು ಕಾರವಾರ ಬಂದರಿನಲ್ಲಿ ಟ್ರಾಲರಿನ ಮೇಲಿದ್ದ. ಒಮ್ಮೆ ಯಾರದೋ ಮದುವೆಯಲ್ಲಿ ಸ್ಟೇಜಿನ ಕೆಳಗೆ ಕೂತು ಊಟಮಾಡುವಾಗ ಎದೆಯೊಳಗೆ ಯಾರೋ ನಡೆದಾಡಿದಂತಾಯಿತಂತೆ. ಎಲೆ ಬಿಟ್ಟೆದ್ದು ಹೋಗಿ ನೋಡಿದರೆ ನಾಲ್ಕೇ ತಂತಿಯ ಗಿಟಾರು. "ಇಂಜಿನು ರೂಮಲ್ಲಿ ಮಲಗ್ದಾಗ ಆಗ್ತದಲಾ, ಹಂಗೇ ಆಯ್ತು," ಎಂದು ಪುಂಡಲೀಕನಿಗೆ ಹೇಳಿದ್ದ. ಅದನ್ನು ಕಲಿತ. ಪುಂಡಲೀಕನ ಜೊತೆ ಸೇರಿದ. ಹಗಲು ಬಲೆ, ಕಾರ್ಯಕ್ರಮವಿದ್ದಾಗ ಬಾಸು. ಫೋಟೋಗಳಲ್ಲಿ ಅವನು ಯಾವಾಗಲೂ ಯಾರದಾದರೂ ಭುಜದ ಹಿಂದೆ ಅರ್ಧ ಮುಖ.

ಆಂಪ್ಲಿಫೈಯರನ್ನು ಮಡಗಾಂವಿನ ಒಬ್ಬ ಮುದಿ ಸಂಗೀತಗಾರ ಕೊಟ್ಟಿದ್ದು. ಆತನಿಗೆ ಅದನ್ನು ಎತ್ತುವ ಶಕ್ತಿ ಉಳಿದಿರಲಿಲ್ಲ. ಕೊಡುವಾಗ ಅದರ ಹೊಟ್ಟೆ ಬಿಚ್ಚಿ, ಯಾವುದು ಎಲ್ಲಿ ಸಾಯುತ್ತದೆ, ಹೇಗೆ ಬದುಕಿಸಬೇಕು ಎಂಬುದನ್ನೆಲ್ಲ ತೋರಿಸಿಕೊಟ್ಟಿದ್ದ. ಬೆಳಂಬಾರದ ಉಪ್ಪುಗಾಳಿಗೆ ಮೀನಿನ ಮುಳ್ಳಿನಂಥ ವಾಲ್ವಿನ ಕಾಲುಗಳು ಹಸಿರುಗಟ್ಟುತ್ತಿದ್ದವು. ನಾಗು ಪ್ರತಿ ಮಳೆಗಾಲದ ಕೊನೆಗೆ ಅವನ್ನು ಕಿತ್ತು, ಸ್ಪಿರಿಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಒಂದೊಂದನ್ನೂ ಪೆನ್ಸಿಲಿನಿಂದ ಮೆಲ್ಲಗೆ ಬಡಿದು ಕಿವಿಗೊಡುತ್ತಿದ್ದ.

"ನಂಗಾರೂ ಹಂಗೆ ಕಿವಿಗೊಟ್ಟು ಕೇಳಿದ್ರೆ," ಎಂದು ದುರ್ಗಿ ಒಳಗಿಂದಲೇ ಬೈಯುತ್ತಿದ್ದಳು.

ನಾಗು ನಗುತ್ತಿದ್ದ. "ನಿನ್ನದು ಇಲ್ಲೀವರೆಗೆ ಕೇಳ್ತದಲಾ. ಕಿವಿ ಎಂತಕೆ ಕೊಡೂದು?"

*

ನೀತಾ ಹಿತ್ತಿಲಿಗೆ ಹೋದಾಗ ಅವ್ವಿ ಮೀಟರಿನ ಹಲಗೆಯ ಮುಂದೆ ನಿಂತಿದ್ದಳು.

"ಅವ್ವಿ, ಇಲ್ಲಿ ಎಂತಾ ಮಾಡ್ತಿ? ಬಾ, ಅಪ್ಪನ ಹತ್ರ ಕೂರು."

"ನಾ ಕೂರೂಕಾಗ."

"ಎಂತಕೆ?"

ದುರ್ಗಿ ಮೇನ್ ಸ್ವಿಚ್ಚನ್ನೇ ನೋಡುತ್ತಿದ್ದಳು. ಪೆಟ್ಟಿಗೆ ಬಿಚ್ಚುವ ಮೊದಲು ನಾಗು ಯಾವಾಗಲೂ ಅದನ್ನು ಕೆಳಗಿಳಿಸಿಯೇ ಕೂರುತ್ತಿದ್ದ. ಮೇಲೇರಿಸುವ ಮೊದಲು ಅವಳು ಅವನನ್ನು ಕೇಳಬೇಕೆಂಬುದು ಆ ಮನೆಯ ಕಟ್ಟಳೆ.

"ಕಾಯಿ ಅರೀಬೇಕಿತ್ತು," ಎಂದಳು. "ಮಿಕ್ಸರು ನಡೀಲಿಲ್ಲ. ಬಂದು ಸ್ವಿಚ್ಚು ಏರಿಸ್ದೆ. ಕೇಳ್ಲಿಲ್ಲ ಮಗಾ. ಒಂದು ಮಾತು ಕೇಳ್ಲಿಲ್ಲ. ಮಿಕ್ಸರಿನ ಸದ್ದಿನೊಳಗೇ ದಡಕ್ಕಂತ ಕೇಳ್ತು. ನಾನೇ... ನಾನೇ ಕೊಂದೆ ಅವನ್ನ."

"ಡಾಕ್ಟರು ಹಾರ್ಟು ಅಂದ್ರಲಾ ಅವ್ವಿ."

"ಅವರಿಗೆ ಸ್ವಿಚ್ಚಿನ ವಿಷ್ಯ ಗೊತ್ತಿಲ್ಲ. ನಾ ಯಾರಿಗೂ ಹೇಳ್ಲಿಲ್ಲ."

ನೀತಾ ಜಗುಲಿಗೆ ಹೋದಳು. ಅವಳು ಪುಂಡಲೀಕನನ್ನು ಕರೆದು ಮೆಲ್ಲಗೆ ಕೇಳಿದಳು. "ಮಾಮಾ, ನೀ ಬಂದಾಗ ಪೆಟ್ಟಿಗೆಯ ಪ್ಲಗ್ಗು ಗೋಡೇಲಿತ್ತಾ?"

ಪುಂಡಲೀಕ ತಲೆ ಕೆರೆದುಕೊಂಡ. "ಇತ್ತೋ ಇಲ್ವೋ... ಸಿಕ್ಕಿದ ವೈರೆಲ್ಲಾ ಎಳ್ದು ಹಾಕ್ದೆ ಮಗಾ. ಕೈಗೆ ಬಂದ ಸ್ವಿಚ್ಚೆಲ್ಲಾ ಒತ್ತಿದೆ. ಅವನ್ನ ಎತ್ಕಂಡು ಓಡೂದೊಂದೇ ತಲೇಲಿತ್ತು."

*

ಅಪ್ಪ ಅವಳಿಗೆ ಹೊಡೆದದ್ದು ಒಮ್ಮೆ ಮಾತ್ರ. ಕಾಲೇಜಿಗೆ ಹೋಗುತ್ತಿದ್ದ ದಿನಗಳು. ಬಿಚ್ಚಿದ ಪೆಟ್ಟಿಗೆಯೊಳಗೆ ಬಿದ್ದ ಸ್ಕ್ರೂ ತೆಗೆಯಲು ಅವಳು ಕೈ ಹಾಕಿದ್ದಳು. ಪ್ಲಗ್ಗು ಕಿತ್ತೇ ಇತ್ತು. ಆದರೂ ಅಪ್ಪ ಹಾರಿಬಂದು ಕೈಗೆ ಫಟ್ಟೆಂದು ಹೊಡೆದ. ಆಮೇಲೆ ಅಂಗಳ ದಾಟಿ ಹೋಗಿ ದಂಡೆಯ ಮೇಲೆ ಒಬ್ಬನೇ ಕೂತ. ಅವಳು ಹುಡುಕಿಕೊಂಡು ಹೋದಾಗ ಅವನ ಬೆರಳಲ್ಲಿ ಹಚ್ಚದ ಬೀಡಿಯಿತ್ತು.

"ಪ್ಲಗ್ಗು ಕಿತ್ರೂ ಇದ್ರ ಹೊಟ್ಟೇಲಿ ಕರೆಂಟು ಕೂತಿರ್ತದೆ," ಎಂದಿದ್ದ. "ಕಂಡೆನ್ಸರು ಹಿಡ್ದಿಟ್ಕಂಡಿರ್ತದೆ. ಮೊದ್ಲು ಹಸಿರು ವೈರು ಹಾಕಿ ಇಳಿಸ್ಬೇಕು. ಕೆಲ್ಸ ಮುಗಿಯೂವರೆಗೂ ಅದನ್ನ ತೆಗೀಬಾರ್ದು. ಒಂದು ಕೈ ಬೆನ್ನ ಹಿಂದೆ. ಎರಡೂ ಕೈ ಒಳಗೆ ಹಾಕಿದ್ರೆ ಎದೆ ದಾಟ್ಕಂಡು ಹೋಗ್ತದೆ."

"ಹಾಕಿದ್ದು ಮರೆತು ಕರೆಂಟು ಕೊಟ್ರೆ?"

"ಆ ರೆಸಿಸ್ಟರು ಸುಟ್ಟು ಕರಕಾಗ್ತದೆ. ಆಗ್ಲಿ. ಅದು ಸುಡೂಕೇ ಇದ್ದದ್ದು."

*

ಕಿಶನ ಬಂದಾಗ ಬಿಸಿಲು ನೆತ್ತಿ ದಾಟಿತ್ತು. ನಾಗುವಿನ ತಮ್ಮ. ನಾಗುವಿಗೆ ಗಂಡುಮಕ್ಕಳಿಲ್ಲದ್ದರಿಂದ ಬೆಂಕಿ ಕೊಡಬೇಕಾದವನು ಅವನೇ. ಬೋಟು ದೂರ ಹೋಗಿತ್ತು, ಫೋನು ತಡವಾಗಿ ಸಿಕ್ಕಿತ್ತು. ಒದ್ದೆ ಚಡ್ಡಿಯಲ್ಲೇ ಬಂದವನು ಅಣ್ಣನ ಎದೆಯ ಮೇಲೆ ಬಿದ್ದು ಅತ್ತ. ಎದ್ದವನೇ ಒಳಕೋಣೆಗೆ ನುಗ್ಗಿದ.

"ಇದೇ ತಿಂದದ್ದು ಅವನ್ನ! ಹಿಡೀರೋ ಯಾರಾರೂ. ಅವನ್ನ ಎತ್ತೂಕಿಂತ ಮೊದ್ಲು ಇದನ್ನ ಸಮುದ್ರಕ್ಕೆ ಒಗೀತೆ."

ದುರ್ಗಿ ಬಾಗಿಲಲ್ಲಿ ನಿಂತಿದ್ದಳು. "ಅದನ್ನಲ್ಲ ಕಿಶನಾ," ಎಂದಳು. "ನನ್ನ ಒಗಿ."

ಕಿಶನ ತಿರುಗಿ ನೋಡಿದ. "ಎಂತಾ ಮಾತು ವೈನಿ ಅದು?"

ಜಗುಲಿಯ ಅಳು ತಟ್ಟನೆ ನಿಂತಿತು. ಅವ್ವಿ ಈಗ ಎಲ್ಲರ ಮುಂದೆ ಹೇಳಿಬಿಡುತ್ತಾಳೆ ಎಂದು ನೀತಾಳಿಗೆ ಅನಿಸಿತು. ಹೇಳಿದರೆ ಆ ಮಾತು ಈ ಕೇರಿಯಲ್ಲಿ ಅವ್ವಿ ಇರುವವರೆಗೂ ಇರುತ್ತದೆ. ಅವಳು ಅವ್ವಿಯ ರಟ್ಟೆ ಹಿಡಿದು ಒಳಗೆಳೆದು, ಬಾಗಿಲು ಮುಂದೆ ಮಾಡಿದಳು. ಕೋಣೆಯಲ್ಲಿ ಉಳಿದದ್ದು ಮೂವರು.

"ಕಾಕಾ, ನೀನೂ ನೋಡು. ಅವ್ವಿ ಸ್ವಿಚ್ಚು ಏರಿಸಿದ್ದಕ್ಕೆ ಅಪ್ಪ ಸತ್ತಾ ಅಂತ ಅವಳ ತಲೇಲಿದೆ. ಈ ಬಿಳೀದು ಕಾಣ್ತದಲಾ? ಈ ವೈರು ಹಾಕಿದ್ದಾಗ ಒಳಗೆ ಕರೆಂಟು ಬಂದಿದ್ರೆ ಇದು ಸುಟ್ಟಿರ್ಬೇಕಿತ್ತು. ಸುಟ್ಟಿಲ್ಲ. ಒಂದು ಕಲೆಯೂ ಇಲ್ಲ."

ಕಿಶನ ಬಗ್ಗಿ ನೋಡಿದ. ದುರ್ಗಿ ನೋಡಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತಿ ನೀ," ಎಂದಳು.

ನೀತಾ ಗೋಡೆಯ ಸ್ವಿಚ್ಚು ಆರಿದೆಯೆಂದು ನೋಡಿಕೊಂಡಳು. ಆಮೇಲೆ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿದಳು. ಪೆಟ್ಟಿಗೆಯ ಮುಂದಿನ ಎರಡೂ ಸ್ವಿಚ್ಚುಗಳನ್ನು ಏರಿಸಿದಳು.

"ಎಂತಾ ಮಾಡ್ತಿಯೇ? ಹೆಣ ಹೊರಗಿದೆ!" ಕಿಶನ ಹೌಹಾರಿದ.

"ಇಬ್ರೂ ಬಾಗಿಲ ಹತ್ರ ನಿಲ್ಲಿ. ಅವ್ವಿ, ಕಣ್ಣು ಮುಚ್ಬೇಡಾ."

ಮೂಲೆಯಲ್ಲಿದ್ದ ಒಣ ಬಿದಿರಕೋಲಿನ ತುದಿಯಿಂದ ಗೋಡೆಯ ಸ್ವಿಚ್ಚನ್ನು ಒತ್ತಿದಳು.

ಒಳಗಿನ ಟ್ರಾನ್ಸ್‌ಫಾರ್ಮರು ಗುಂಯ್ಯೆಂದಿತು. ಬಿಳಿ ರೆಸಿಸ್ಟರು ಮೊದಲು ಹಳದಿಗೆ ತಿರುಗಿತು, ಮತ್ತೆ ಕಂದಾಯಿತು. ಹೊಗೆಯ ಎಳೆಯೊಂದು ಎದ್ದಿತು. ಸುಟ್ಟ ಮಣ್ಣಿನ ಕಮಟು ವಾಸನೆ ಕೋಣೆ ತುಂಬುವಷ್ಟರಲ್ಲಿ ಚಿಟಿಲ್ಲೆಂದು ಒಡೆಯಿತು. ನೀತಾ ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತಳು. ಅಪ್ಪನ ಡಬ್ಬಿಯಿಂದ ಇನ್ನೊಂದು ಹಸಿರು ವೈರು ತೆಗೆದಳು. ಎಡಗೈಯನ್ನು ಬೆನ್ನ ಹಿಂದೆ ಒತ್ತಿಕೊಂಡು, ಬಲಗೈಯೊಂದರಿಂದಲೇ ಎರಡು ಕ್ಲಿಪ್ಪುಗಳನ್ನೂ ಕಚ್ಚಿಸಿ ಕಾದಳು. ಆಮೇಲೆ ಸುಟ್ಟ ವೈರನ್ನು ಬಿಡಿಸಿ ತಂದು ಅವ್ವಿಯ ಮುಂದೆ ಹಿಡಿದಳು.

ಹೊರಗೆ ಬೀರಜ್ಜ ಬಾಗಿಲು ಬಡಿಯುತ್ತಿದ್ದ. "ಎಂತಾ ಸುಡ್ತದ್ರೋ ಅಲ್ಲಿ?"

"ಎಂತಾ ಇಲ್ಲ ಅಜ್ಜಾ!" ಎಂದ ಕಿಶನ. ಅವನ ದನಿ ಮೆತ್ತಗಾಗಿತ್ತು.

ದುರ್ಗಿ ಕರಿಯ ತುಂಡನ್ನು ಬೆರಳಿಂದ ಒತ್ತಿದಳು. ಅದು ಪುಡಿಯಾಗಿ ಸೀರೆಯ ಮೇಲೆ ಉದುರಿತು.

"ಹಾಂಗಾರೆ ಅಂವ..."

"ಅವನ ಎದೆಯೇ ನಿಂತದ್ದು ಅವ್ವಿ. ನೀ ಏರಿಸಿದ ಕರೆಂಟು ನಿನ್ನ ಮಿಕ್ಸರಿಗೆ ಹೋಯ್ತು, ಅಷ್ಟೇ. ಇಲ್ಲಿಗೆ ಬರ್ಲೇ ಇಲ್ಲ."

ದುರ್ಗಿ ಬಾಗಿಲು ತೆರೆದು ಹೊರಗೆ ಹೋದಳು. ಹೆಂಗಸರು ಜಾಗ ಬಿಟ್ಟರು. ಗಂಡನ ತಲೆಯ ಹತ್ತಿರ ಕೂತು, ಅವನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದಳು.

"ಎದೆ ನೋಯ್ತದೆ ಅಂತ ಒಂದು ಮಾತು ಹೇಳ್ಬಾರ್ದಾ ನಿಂಗೆ? ಪಕ್ಕದಲ್ಲೇ ಇದ್ನಲಾ ನಾನು. ಆ ವಾಲ್ವು ಬಡಿದು ಬಡಿದು ಕೇಳ್ದವ, ನಿನ್ನದು ಕೇಳ್ಲಿಲ್ವಾ? ಹೇಳ್ದೇ ಹೋದ್ಯಲೋ, ಹೇಳ್ದೇ ಹೋದ್ಯಲೋ..."

ಆ ಬೈಗುಳ ಹಾಗೆಯೇ ಉದ್ದಕ್ಕೆ ಎಳೆದು ಅಳುವಾಯಿತು. ಮುದುಕಿ ಅವಳ ಬೆನ್ನು ಸವರಿ, "ಅಳು ಮಗಾ, ಅಳು," ಎಂದಳು.

ಹೊತ್ತು ಇಳಿಯುವ ಮೊದಲು ನಾಗುವನ್ನು ಎತ್ತಿದರು. ಬೆಂಕಿಯ ಮಡಕೆ ಹಿಡಿದು ಕಿಶನ ಮುಂದೆ ನಡೆದ. ಪುಂಡಲೀಕ ಹೆಗಲು ಕೊಟ್ಟಿದ್ದ. ಯಾವತ್ತೂ ತನ್ನ ಹಿಂದೆ ನಿಲ್ಲುತ್ತಿದ್ದವನಿಗೆ ದಾರಿ ಬಿಡಿರೆಂದು ಅವನೇ ದಾರಿಯುದ್ದಕ್ಕೂ ಕೂಗುತ್ತ ಹೋದ. ಗಂಡಸರೆಲ್ಲ ದಂಡೆಯ ತಿರುವಿನಲ್ಲಿ ಮರೆಯಾದರು.

ಹೆಂಗಸರು ಜಗುಲಿ ತೊಳೆದರು. ನೀತಾ ಬಾವಿಯಿಂದ ನೀರು ಸೇದಿ ಅವ್ವಿಯ ತಲೆಗೆ ಹೊಯ್ದಳು, ಒಣ ಸೀರೆ ಉಡಿಸಿದಳು. ಒಳಗೆ ಚಾಪೆ ಹಾಸಲು ಹೋಗಿ ಬಂದು ನೋಡಿದರೆ, ದುರ್ಗಿ ಜಗುಲಿಯ ಕಂಬಕ್ಕೆ ಒರಗಿ, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದಳು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕಿ ರವಿಕೆ ನೆನೆಯುತ್ತಿದ್ದರೂ ಎಚ್ಚರವಿರಲಿಲ್ಲ.

ಅಷ್ಟರಲ್ಲಿ ತೋಡೂರಿನಿಂದ ನಾಗುವಿನ ಅಕ್ಕ ಬಸ್ಸಿಳಿದು, ಎದೆ ಬಡಿದುಕೊಳ್ಳುತ್ತ ಅಂಗಳಕ್ಕೆ ಬಂದಳು. ಅಳಲು ಬಾಯಿ ತೆರೆದವಳು ನೀತಾ ತುಟಿಯ ಮೇಲೆ ಬೆರಳಿಟ್ಟದ್ದನ್ನು ಕಂಡಳು. ತೆರೆದ ಬಾಯಿಯನ್ನು ಸೆರಗಿನಿಂದ ಮುಚ್ಚಿಕೊಂಡು, ಸದ್ದಾಗದಂತೆ ಚಪ್ಪಲಿ ಕಳಚಿ, ಮೆಟ್ಟಿಲ ಮೇಲೆ ಕೂತಳು. ಆಮೇಲೆ ಅದೇ ಸೆರಗಿನ ತುದಿಯಿಂದ ದುರ್ಗಿಯ ಕಾಲ ಮೇಲೆ ಕೂತ ನೊಣಗಳನ್ನು ಮೆಲ್ಲಗೆ ಬೀಸಿ ಓಡಿಸತೊಡಗಿದಳು.