ಹಿಡಿದ ಕೈಯಿಲ್ಲದ ಕತ್ತರಿ

ದೇಯಿಯಕ್ಕನ ಮಡಿಲಿನ ಮೊರದಲ್ಲಿ ನಾನು ಬೀಡಿ ಎಲೆ ಕತ್ತರಿಸುತ್ತಿದ್ದೆ. ಎಲೆ ಅರ್ಧ ಆಗಿತ್ತು, ಅಷ್ಟರಲ್ಲಿ ಅಂಗಳದಿಂದ ಕರೆ ಬಂತು.

"ದೇಯಿಯಕ್ಕಾ, ಇದ್ದೀರಾ?"

ಕಮ್ಯುನಿಸ್ಟ್ ಪಕ್ಷದ ಸುಧಾಕರ. ಅವನು ಬಂದದ್ದು ನನ್ನನ್ನು ಕೇಳಿ ಒಯ್ಯಲಿಕ್ಕೆ. ಅದನ್ನು ಹೇಳುವ ಮೊದಲು ನನ್ನ ಹುಟ್ಟು ಹೇಳಬೇಕು.

ನಾನೊಂದು ಕತ್ತರಿ. ಕಾಸರಗೋಡಿನ ಕಡೆಯ ಒಂದು ಕುಲುಮೆಯಲ್ಲಿ, ಲಾರಿಯ ಮುರಿದ ಉಕ್ಕಿನ ಪಟ್ಟಿಯಿಂದ ಹುಟ್ಟಿದೆ. ಮೊದಲು ಹಿಡಿದವರು ದೇಯಿಯಕ್ಕನ ಗಂಡ ಅಂಬು. ಬೀಡಿ ಶೆಡ್ಡಿನಲ್ಲಿ ಅವರು ಎಲ್ಲರಿಗೂ ಪೇಪರು ಓದಿ ಹೇಳುತ್ತಿದ್ದರು. ಓದುವವನ ಕೂಲಿ ಹೋಗಬಾರದೆಂದು ಉಳಿದವರು ತಾವು ಕಟ್ಟಿದ ಬೀಡಿಯಲ್ಲಿ ಒಂದು ಹಿಡಿ ಅವರ ಮೊರಕ್ಕೆ ಹಾಕುತ್ತಿದ್ದರು. ಆ ಹೊತ್ತು ನನಗೆ ವಿರಾಮ. ನನ್ನ ಶಾಲೆಯೂ ಅದೇ.

ಕೂಲಿ ಏರಿಸಿ ಎಂದು ಮುಷ್ಕರ ಹೂಡಿದ ದಿನ ಎಲ್ಲರೂ ಶೆಡ್ಡಿನೆದುರು ನಿಂತರು. ಅಂಬು ನನ್ನನ್ನು ಎತ್ತಿ ಹಿಡಿದರು. ಯಾರೋ ಫೋಟೋ ತೆಗೆದರು. ಕೂಲಿ ಏರಿತು. ಆಮೇಲೆ ತಮ್ಮದೇ ಪಕ್ಷದ ನಾಯಕರ ತಪ್ಪನ್ನು ಅಂಬು ಸಭೆಯಲ್ಲೇ ಹೇಳಿದರು, ಪಕ್ಷ ಅವರನ್ನು ಹೊರಗೆ ಹಾಕಿತು. ಆ ಬೇಸರದಲ್ಲೇ ತೀರಿಹೋದರು. ನಾನು ದೇಯಿಯಕ್ಕನ ಕೈಗೆ ಬಂದೆ.

ಕಮ್ಯುನಿಸ್ಟ್ ಸರಕಾರ ಬಂತು. ಸುಳ್ಳು ಹೇಳಬಾರದು, ಅವರಿಂದ ಒಳ್ಳೆಯದಾಯಿತು. ದೇಯಿಯಕ್ಕನಿಗೆ ಪಿಂಚಣಿ ಬಂತು. ಹೆಬ್ಬೆಟ್ಟು ಒತ್ತುತ್ತಿದ್ದವಳು ಸಂಜೆಯ ತರಗತಿಯಲ್ಲಿ ಕನ್ನಡ ಬರೆಯಲು ಕಲಿತಳು.

ಅದೇ ಸರಕಾರ ಮುಷ್ಕರದ ನೆನಪಿಗೆ ಒಂದು ಭವನ ಕಟ್ಟಿ, ಆ ಫೋಟೋ ನೋಡಿ ಗೋಡೆ ತುಂಬ ಚಿತ್ರ ಬರೆಸಿತು. ದೇಯಿಯಕ್ಕ ನನ್ನನ್ನು ಚೀಲದಲ್ಲಿ ಹಾಕಿಕೊಂಡೇ ನೋಡಲು ಹೋದಳು. ಫೋಟೋದಲ್ಲಿ ಅಂಬು ನಿಂತಿದ್ದ ಜಾಗದಲ್ಲಿ ಇಲ್ಲಿ ಒಂದು ಕೆಂಪು ಬಾವುಟ. ಬೀಡಿಯವರ ಚಿತ್ರಕ್ಕೆ ಕತ್ತರಿ ಇಲ್ಲದಿದ್ದರೆ ಹೇಗೆ ಅಂದುಕೊಂಡರೋ ಏನೋ, ನನ್ನನ್ನು ಮಾತ್ರ ಬಿಟ್ಟಿರಲಿಲ್ಲ. ಕೈಯಿಲ್ಲದೆ, ಬಾವುಟದ ಮುಂದೆ, ಗಾಳಿಯಲ್ಲಿ ನಿಂತಿದ್ದೆ.

"ಹೋಗುವಾ" ಅಂದಳು. ಜೊತೆಗೆ ಯಾರೂ ಇರಲಿಲ್ಲ, ನನಗೇ ಅಂದದ್ದು.

ಅಂದೇ ಸರಕಾರಕ್ಕೆ ಒಂದು ಕಾಗದ ಬರೆದಳು. 'ನನ್ನ ಗಂಡನನ್ನು ಚಿತ್ರಕ್ಕೆ ವಾಪಸು ಸೇರಿಸಿ.' ಆದರೆ ಪಿಂಚಣಿ ಕೊಟ್ಟವರಿಗೆ ಎದುರು ಬರೆಯುವುದಾ ಎಂದು ಅಳುಕಿ, ಅಕ್ಕಿ ಡಬ್ಬದಡಿಗೆ ಇಟ್ಟಳು. ವರ್ಷಗಳು ಹೋದವು. ನನ್ನ ಬಾಯಿ ಮೊಂಡಾಯಿತು, ಅವಳ ಬೆನ್ನು ಬಾಗಿತು.

ಈಗ ಸುಧಾಕರ ಜಗಲಿಯಲ್ಲಿ ಕೂತು, "ಆ ಹಳೇ ಕತ್ತರಿ ಕೊಡಿ ಅಕ್ಕಾ. ಭವನದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡ್ತೇವೆ" ಅಂದ.

"ಯಾರ ಕತ್ತರಿ ಅಂತ ಬರೀತೀರಿ?"

"ಕಾರ್ಮಿಕರದ್ದು ಅಂತ."

"ಕಾರ್ಮಿಕರಿಗೆ ಹೆಸರು ಇಲ್ವಾ ಮಾರಾಯಾ? ಕತ್ತರಿ ಏನು ತನ್ನಷ್ಟಕ್ಕೇ ಮುಷ್ಕರ ಮಾಡಿತಾ?"

ಸುಧಾಕರ ತಲೆ ಕೆರೆದುಕೊಂಡ. "ಅದು ಹಿರಿಯರ ಕಾಲದ ಜಗಳ ಅಕ್ಕಾ. ನನ್ನ ಕೈಯಲ್ಲಿ ಏನುಂಟು?"

"ಪಾಪ, ನಿನ್ನ ಕೈ ಬೇಡ. ಗೋಡೆಯ ಚಿತ್ರದಲ್ಲಿ ನಮ್ಮವರ ಕೈ ಬರೆಸಿ. ಮುಖವೂ ಬರೆಸಿ. ಆಮೇಲೆ ಕತ್ತರಿ ನಾನೇ ತಂದು ಕೊಡ್ತೇನೆ. ಚಾ ಕುಡಿದು ಹೋಗು."

ಅವನು ಹೋದ ಮೇಲೆ ಅಕ್ಕಿ ಡಬ್ಬ ಎತ್ತಿದಳು. ಹಳದಿಯಾದ ಕಾಗದದ ಕೊನೆಗೆ ನಿಧಾನವಾಗಿ ಸೇರಿಸಿದಳು: 'ನೀವು ಕಲಿಸಿದ ಅಕ್ಷರದಲ್ಲೇ ಇದನ್ನು ಬರೆದಿದ್ದೇನೆ. ಆ ಉಪಕಾರ ನಾನು ಮರೆತಿಲ್ಲ. ನೀವೂ ಅವರನ್ನು ಮರೆಯಬೇಡಿ.'

ಅಂಚೆಚೀಟಿಗಳ ಹಾಳೆಯಿಂದ ಒಂದು ಚೀಟಿ ಕತ್ತರಿಸಿದ್ದು ನಾನು. ಮೊಂಡು ಬಾಯಿಯಾದರೂ ನೇರವಾಗಿ ಕತ್ತರಿಸಿದೆ. ಚೀಲದಲ್ಲಿ ನನ್ನನ್ನೂ ಹಾಕಿಕೊಂಡು ಹೋಗಿ, ಅವಳು ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿದಳು. ಒಳಗೆ ಬಿದ್ದ ಸದ್ದು ಕೇಳುವ ತನಕ ನಿಂತಳು.

ಮನೆಗೆ ಬಂದು, ಬಿಟ್ಟಿದ್ದ ಅರ್ಧ ಎಲೆಗೆ ನನ್ನನ್ನು ಮತ್ತೆ ಹಿಡಿದಳು.